ಉತ್ತರವನ್ನು ಮೊದಲೇ ಹೇಳಬೇಡಿ

ಮಾನ್ಯ ಶಿಕ್ಷಕ ಬಂಧುಗಳೇ,

ಡಿಸೆಂಬರ್ ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ರಸ್ತೆಗಳ ತುಂಬ ಶೈಕ್ಷಣಿಕ ಪ್ರವಾಸದ ಬಸ್ಸುಗಳು. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಇಳಿಹೊತ್ತಿಗೆ ಬಾದಾಮಿ. ನಾವು ಹೇಳುತ್ತಾ ಹೋಗುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾ ಹೋಗುತ್ತಾರೆ. ಕಲ್ಲನ್ನು ಯಾರೂ ನೋಡುವುದಿಲ್ಲ. ಈ ಸಂಕಟವೇ ನನ್ನನ್ನು ಇಂದು ಇಲ್ಲಿ ನಿಲ್ಲಿಸಿದೆ. ವಿಡಿಯೊ ಗೇಮ್ ಕುರಿತು ಮಾತನಾಡುತ್ತೇನೆ ಎಂದಾಗ ಸಂಘಟಕರು ಗಾಬರಿಯಾದರು. ಗುಂಡು ಹಾರಿಸುವ ಆಟವಲ್ಲ, ನೀವು ನಿಶ್ಚಿಂತರಾಗಿರಿ.

ಆಟದ ಹೆಸರು ‘ರಿವೆನ್’. ಅಮೆರಿಕದ ಸಯಾನ್ ಸಂಸ್ಥೆಯವರು 1997ರಲ್ಲಿ ರೂಪಿಸಿದ್ದು. ಆಗ ಐದು ಸಿ.ಡಿ.ಗಳಲ್ಲಿ ಬಂದಿತ್ತು; 2024ರಲ್ಲಿ ಮತ್ತೆ ಹೊಸದಾಗಿ ಕಟ್ಟಿದ್ದಾರೆ. ನಾನು ಹೇಳುವುದು ಹಳೆಯದರ ಕಥೆ. ಕುಸಿಯುತ್ತಿರುವ ಲೋಕವೊಂದರ ದ್ವೀಪಗಳಲ್ಲಿ ನೀವು ಒಬ್ಬರೇ ಅಲೆಯಬೇಕು. ಊರಿನವರು ನಿಮ್ಮನ್ನು ಕಂಡರೆ ಓಡಿ ಅಡಗಿಕೊಳ್ಳುತ್ತಾರೆ. ಮುಂದೆ ಹೋಗಬೇಕೆಂದರೆ ಅಂಕಿಗಳನ್ನು ಓದಲು ಬರಬೇಕು. ಆ ಅಂಕಿಗಳಾದರೋ ಅಳಿದುಹೋದ ‘ಡುನಿ’ ಎಂಬ ನಾಗರಿಕತೆಯವು.

ಕಲಿಸುವವರು ಯಾರು? ಒಂದು ಖಾಲಿ ಶಾಲೆ. ಅದರೊಳಗೆ ಒಂದು ಆಟಿಕೆ. ಮೇಲೆ ನೇತಾಡುವ ಪುಟ್ಟ ಗೊಂಬೆ, ಕೆಳಗೆ ಬಾಯಿ ತೆರೆದ ಸಮುದ್ರಪ್ರಾಣಿ. ತಿರುಗಿಸಿದರೆ ಒಂದು ಚಿಹ್ನೆ ಬರುತ್ತದೆ, ಗೊಂಬೆ ಅಷ್ಟು ಹಂತ ಕೆಳಗಿಳಿಯುತ್ತದೆ. ಟಕ್, ಟಕ್, ಟಕ್. ಹಾಗಾದರೆ ಆ ಚಿಹ್ನೆ ಮೂರು! ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕಿರಾಣಿ ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಒಂದೊಂದನ್ನೇ ಬರೆದುಕೊಂಡಳು. ಗೊಂಬೆ ಹಲವು ಸಲ ಪ್ರಾಣಿಯ ಬಾಯಿಗೆ ಬಿತ್ತು, ಅವಳು ಮತ್ತೆ ತಿರುಗಿಸಿದಳು. ತಟ್ಟೆಯಲ್ಲಿ ರೊಟ್ಟಿ ಆರಿಹೋಯಿತು. ಆದರೆ ಆ ಆಟಿಕೆ ಕಲಿಸುವುದು ಹತ್ತರವರೆಗೆ ಮಾತ್ರ. ಮುಂದೆ? ಚೀಟಿಯನ್ನು ಬಹಳ ಹೊತ್ತು ನೋಡಿದಳು. ಒಂದರ ಚಿಹ್ನೆಯನ್ನೇ ಮಗ್ಗುಲಿಗೆ ತಿರುಗಿಸಿದರೆ ಐದು. ಎರಡನ್ನು ತಿರುಗಿಸಿದರೆ ಹತ್ತು. “ಅಪ್ಪಾ, ಮೂರನ್ನು ತಿರುಗಿಸಿದರೆ ಹದಿನೈದಾಗಬೇಕಲ್ಲ?” ಎಂದಳು. ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡದ್ದು ನನ್ನ ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ನಾನು ಮಾಡಿದ ಒಳ್ಳೆಯ ಪಾಠಗಳಲ್ಲಿ ಒಂದು. ಉತ್ತರವನ್ನು ಮೊದಲೇ ಹೇಳಬೇಡಿ.

ಈಗ ಬಾದಾಮಿಗೆ ಬನ್ನಿ. ತಟ್ಟುಕೋಟಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನ, ಸುಮಾರು ಕ್ರಿ.ಶ. 700ರದ್ದು. ನಾವೇನು ಮಾಡುತ್ತೇವೆ? ‘ಕನ್ನಡದ ಮೊದಲ ತ್ರಿಪದಿ, ಬರೆದುಕೊಳ್ಳಿ’ ಎನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಅದರ ಬದಲು ‘ಸಾಧುಗೆ ಸಾಧು’ ಎಂಬಲ್ಲಿಂದ ‘ಮಾಧವನೀತನ್’ ಎಂಬಲ್ಲಿಯವರೆಗಿನ ಭಾಗದ, ಹಳೆಯ ಕನ್ನಡ ಲಿಪಿಯಲ್ಲೇ ಇರುವ ಪಡಿಯಚ್ಚನ್ನು ಕೈಗೆ ಕೊಟ್ಟು, ಮತ್ತೆ ಮತ್ತೆ ಬರುವ ಅಕ್ಷರ ಯಾವುದೆಂದು ಕೇಳಿ ನೋಡಿ. ಸಾಧು, ಸಾಧು, ಮಾಧುರ್ಯ, ಮಾಧುರ್ಯ, ಬಾಧಿಪ್ಪ, ಮಾಧವ. ‘ಧ’ಕಾರ ಆರು ಸಲ! ವ್ಯಾಕರಣದಲ್ಲಿ ನಾವು ಬಾಯಿಪಾಠ ಮಾಡಿಸುವ ದ್ವಿತೀಯಾಕ್ಷರ ಪ್ರಾಸ ಇಲ್ಲಿ ಬೀಗದ ಕೈ. ಒಂದು ಅಕ್ಷರ ಸಿಕ್ಕರೆ ಅದರ ಆಚೆಈಚೆಯದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರೂ ಬೇಡ, ವಿದ್ಯುತ್ತೂ ಬೇಡ.

ಐಹೊಳೆಯ ದುರ್ಗ ಗುಡಿಯಲ್ಲೂ ಹೀಗೆಯೇ. ಇದು ಯಾವ ದೇವರ ಗುಡಿ ಎಂದು ಕೇಳಿ. ‘ದುರ್ಗಾದೇವಿ’ ಎನ್ನುತ್ತಾರೆ. ತಿದ್ದಬೇಡಿ. ಗುಡಿಯನ್ನು ಸುತ್ತಲಿ, ಆನೆಯ ಬೆನ್ನಿನಂತೆ ದುಂಡಾದ ಹಿಂಭಾಗವನ್ನು ನೋಡಲಿ, ಪಕ್ಕದ ಕೋಟೆಯ ಅವಶೇಷ ಕಣ್ಣಿಗೆ ಬೀಳಲಿ. ದುರ್ಗ ಎಂದರೆ ಕೋಟೆಯೂ ಹೌದು ಎಂದು ಯಾವನಾದರೂ ಹುಡುಗ ಕೂಗುವವರೆಗೆ ಬಸ್ಸು ಕಾಯಲಿ. ತಪ್ಪು ಊಹೆಯನ್ನು ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆಯುವ ಹಕ್ಕು ಮಗುವಿಗೆ ಬೇಕು.

ಸಮಯವಾಯಿತೆಂದು ಚೀಟಿ ಬಂದಿದೆ.

ಒಂದೇ ಒಂದು ಮಾತು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ಹುಟ್ಟಿದ ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳೆಯ ಬಾಗಲಕೋಟೆಯ ಓಣಿಗಳನ್ನು ಅವರು ಕಂಡಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ದಿನ ದಂಡೆಗೆ ಕರೆದುಕೊಂಡು ಹೋಗಿ. ಕೆಸರಿನಲ್ಲಿ ಸಿಕ್ಕ ಕಲ್ಲು ಹೊಸ್ತಿಲಿನದೋ, ಬೀಸುವ ಕಲ್ಲಿನದೋ ಎಂದು ಮೊದಲು ಅವರೇ ಊಹಿಸಲಿ. ಆಮೇಲೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಲಿ.

ನಮಸ್ಕಾರ.