ಹಳದಿ ಬಸ್ಸಿನಿಂದ ಅವರು ಇಳಿಯಲಿಲ್ಲ

ಎಲ್ಲರಿಗೂ ನಮಸ್ಕಾರ.

1993ರ ಜುಲೈ. ಅಮೆರಿಕದ ಟೆಕ್ಸಸ್‌ನಲ್ಲಿ ಲರೇಡೊ ಅಂತ ಒಂದು ಗಡಿ ಊರು. ಕ್ಯೂಬಾದ ಮೇಲೆ ಅಮೆರಿಕ ದಿಗ್ಬಂಧನ, ಅಂದರೆ ವ್ಯಾಪಾರ ನಿಷೇಧ, ಹಾಕಿತ್ತು; ಅಲ್ಲಿಗೆ ಸಾಮಾನು ಕಳಿಸಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ಕ್ಯೂಬಾದ ಜನರಿಗೆ ನೆರವಿನ ಸಾಮಾನು ಒಯ್ಯುತ್ತಿದ್ದ ಗಾಡಿಗಳ ಸಾಲು ಲರೇಡೊಗೆ ಬಂತು. ಅದರಲ್ಲಿದ್ದ ಪುಟ್ಟ ಹಳದಿ ಸ್ಕೂಲ್ ಬಸ್ಸನ್ನು ಕಸ್ಟಮ್ಸ್‌ನವರು ಹಿಡಿದರು. ಒಳಗಿದ್ದವರು ಇಳಿಯಲಿಲ್ಲ. ಊಟ ಬಿಟ್ಟು ಅಲ್ಲೇ ಕೂತರು. ಸುಡು ಬೇಸಿಗೆ, ಕಾದ ತಗಡು, 23 ದಿನ. ಕೊನೆಗೆ ಸರ್ಕಾರವೇ ಬಿಟ್ಟುಕೊಟ್ಟಿತು. ಬಸ್ಸು ಕ್ಯೂಬಾ ಸೇರಿತು.

ಇವರ ಮುಂದಾಳು ಲೂಷಿಯಸ್ ವಾಕರ್, ಬ್ಯಾಪ್ಟಿಸ್ಟ್ ಪಾದ್ರಿ. ಲೈಸೆನ್ಸ್‌ಗೆ ಅರ್ಜಿ ಹಾಕಬಹುದಿತ್ತಲ್ವಾ? ಅವರ 'ಪಾಸ್ಟರ್ಸ್ ಫಾರ್ ಪೀಸ್' ಬಳಗ ಬೇಕೆಂದೇ ಹಾಕಲಿಲ್ಲ. ನೆರೆಯವನಿಗೆ ನೆರವಾಗಲು ಸರ್ಕಾರದ ಅಪ್ಪಣೆ ಯಾಕೆ ಅನ್ನುವುದೇ ಅವರ ವಾದ. ನನಗೆ ಇದು ಸುಮ್ನೆ ಹಟ ಅನ್ನಿಸುವುದಿಲ್ಲ.

ಈಗ ಇರಾಕ್ ನೋಡಿ. ಕುವೈತ್ ಮೇಲೆ ದಾಳಿ ಮಾಡಿದ್ದಕ್ಕೆ 1990ರ ಆಗಸ್ಟ್ 6ರಂದು ವಿಶ್ವಸಂಸ್ಥೆ ದಿಗ್ಬಂಧನ ಹಾಕಿತು. ಔಷಧಿಗೆ ವಿನಾಯಿತಿ ಇತ್ತು, ನಿಜ. ಆದರೆ ತೈಲ ಮಾರಲು ಬಿಡದಿದ್ದರೆ ಔಷಧಿಗೆ ದುಡ್ಡೆಲ್ಲಿಂದ ಬರಬೇಕು? 1991ರ ಬಾಂಬ್ ದಾಳಿಯಲ್ಲಿ ವಿದ್ಯುತ್ ಸ್ಥಾವರಗಳು ಹಾಳಾಗಿದ್ದವು. ಕರೆಂಟಿಲ್ಲದೆ ನೀರು ಶುದ್ಧ ಮಾಡುವ ಘಟಕಗಳು ನಿಂತವು, ಚರಂಡಿ ಪಂಪುಗಳು ನಿಂತವು. ರಿಪೇರಿಗೆ ಸಾಮಾನು ತರಿಸಲು ಹೋದರೆ, ಇದು ಆಯುಧಕ್ಕೂ ಬಳಕೆಯಾಗಬಹುದು ಅಂತ ಎಷ್ಟೋ ಸಲ ತಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ಸದ್ದಾಂನದು, ಕೊಳಕು ನೀರು ಕುಡಿದದ್ದು ಮಕ್ಕಳು.

ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ಎಲ್ಲರೂ ಹೇಳುತ್ತಿದ್ದ ಐದು ಲಕ್ಷ ಮಕ್ಕಳ ಸಾವಿನ ಲೆಕ್ಕ ಮುಂದೆ ನಿಲ್ಲಲಿಲ್ಲ. ದಿಗ್ಬಂಧನ ವಿರೋಧಿಸುವ ನಾವೇ ಇದನ್ನು ಮೊದಲು ಹೇಳಬೇಕು. ಸಂಕಟ ನಿಜವಾಗಿದ್ದಾಗ ಅಂಕಿ ಹಿಗ್ಗಿಸುವ ಅಗತ್ಯವಿಲ್ಲ.

1996ರಲ್ಲಿ ಅಮೆರಿಕದ ಶಾಂತಿ ಹೋರಾಟಗಾರ್ತಿ ಕ್ಯಾಥಿ ಕೆಲ್ಲಿ ಮತ್ತು ಗೆಳೆಯರು 'ವಾಯ್ಸಸ್ ಇನ್ ದ ವೈಲ್ಡರ್‌ನೆಸ್' ಅನ್ನುವ ಬಳಗ ಕಟ್ಟಿದರು. ಕಾನೂನು ಮುರಿಯುತ್ತೇವೆ ಅಂತ ಮೊದಲೇ ಸರ್ಕಾರಕ್ಕೆ ತಿಳಿಸಿ, ಔಷಧಿ ಹೊತ್ತು ಇರಾಕಿಗೆ ಹೋದರು. 20,000 ಡಾಲರ್ ದಂಡ ಬಿತ್ತು. ಕಟ್ಟುವುದಿಲ್ಲ ಅಂದರು.

ದಿಗ್ಬಂಧನ ಬೇಡ ಅಂದರೆ ಯುದ್ಧ ಬೇಕಾ ಅಂತ ಕೇಳುವವರಿದ್ದಾರೆ. ಕೆಲ್ಲಿಯಂಥವರು ಎರಡನ್ನೂ ಬೇಡ ಅಂದವರು. 2003ರ ಮಾರ್ಚ್ 5ರಂದು ಪೋಪ್ ಎರಡನೇ ಜಾನ್ ಪಾಲ್ ಕಳಿಸಿದ ಕಾರ್ಡಿನಲ್ ಪಿಯೋ ಲಾಗಿ, ಅಮೆರಿಕದ ಅಧ್ಯಕ್ಷ ಬುಷ್ ಅವರ ಮುಂದೆ ಕೂತು ಇರಾಕ್ ಮೇಲೆ ಯುದ್ಧ ಬೇಡ ಅಂದರು. ಅದೇ ತಿಂಗಳು ಯುದ್ಧ ಶುರುವಾಯಿತು.

ಹಾಗಾದರೆ ಡೆಸ್ಮಂಡ್ ಟುಟು? ಅವರೂ ಪಾದ್ರಿಯೇ, ದಕ್ಷಿಣ ಆಫ್ರಿಕಾದ ಬಿಷಪ್. ಕರಿಯರನ್ನು ತುಳಿಯುವ ವರ್ಣಭೇದ ನೀತಿಯ ತಮ್ಮ ದೇಶದ ಮೇಲೆ ದಿಗ್ಬಂಧನ ಹಾಕಿ ಅಂತ ಅವರೇ ಜಗತ್ತನ್ನು ಬೇಡಿದರು. ಈ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿದೆ. ನಾನು ಕಂಡುಕೊಂಡದ್ದು ಇಷ್ಟು: ನೋವು ಯಾರ ಮೇಲೆ ಬೀಳುತ್ತದೋ ಅವರನ್ನೇ ಕೇಳಬೇಕು. ಟುಟು ತಮ್ಮ ಜನರ ಪರವಾಗಿ ಬೇಕು ಅಂದರು. ಕ್ಯೂಬಾದ ಬಿಷಪ್‌ಗಳಿಗೆ ಕ್ಯಾಸ್ಟ್ರೊ ಸರ್ಕಾರದ ಜೊತೆ ಸರಿಯಿರಲಿಲ್ಲ. ಆದರೂ 1969ರಲ್ಲೇ ಪತ್ರ ಬರೆದು, ಈ ದಿಗ್ಬಂಧನ ಬೇಡ ಅಂದರು.