ನಿದ್ದೆಯ ಲೆಕ್ಕ ಬೆಳಗಿನಿಂದ

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ನಮ್ಮೆಲ್ಲರ ಮನೆಯ ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತಿದೆ. ಕೆಟ್ಟು ಹೋದದ್ದಲ್ಲ, ವ್ಯವಸ್ಥೆಯೇ ಹಾಗೆ. ಇಡೀ ದೇಶದ ಸಮಯವನ್ನು ನಿಗದಿ ಮಾಡಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ. ನಾವಿರುವುದು 74.8ರ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ ಸೂರ್ಯ ನಮ್ಮ ಕರಾವಳಿಗೆ ತಲಪುವಾಗ ಸುಮಾರು ಮೂವತ್ತು ನಿಮಿಷ ತಡ. ಜನವರಿ ಕೊನೆಯಲ್ಲಿ ಇಲ್ಲಿ ಹೊತ್ತು ಮೂಡುವಾಗ ಹೆಚ್ಚುಕಡಿಮೆ ಏಳು ಗಂಟೆಯಾಗಿರುತ್ತದೆ. ಅಷ್ಟರಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳು ಕತ್ತಲಲ್ಲೇ ಬಸ್ಸು ಹತ್ತಿಯಾಗಿರುತ್ತದೆ.

ಬಸ್ಸಿಗೆ ಗಡಿಯಾರ ಸಾಕು. ಮೈಗೆ ಸೂರ್ಯನೇ ಬೇಕು. ಮೆದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಗುಂಪು ಇದೆ. ಬೆಳಿಗ್ಗೆ ಕಣ್ಣಿಗೆ ಬಿದ್ದ ಬೆಳಕಿನಿಂದ ಅದು ದಿನವನ್ನು ಎಣಿಸಲು ಶುರು ಮಾಡುತ್ತದೆ. ಸಂಜೆ ಕತ್ತಲಾದ ಮೇಲೆ, ಮೈಗೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸುರಿಸಲು ಅಪ್ಪಣೆ ಕೊಡುತ್ತದೆ. ಜೀವಕೋಶದ ಒಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು.

ನಾನು ಕುಟುಂಬ ವೈದ್ಯ. ಕ್ಲಿನಿಕ್ಕಿನಲ್ಲಿ ನಿದ್ದೆಯ ಬಗ್ಗೆ ಬರುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಎಷ್ಟು ಗಂಟೆ ಮಲಗಬೇಕು?" ಎಂಟು ಗಂಟೆ ಎಂದು ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಎಲ್ಲರ ಅಳತೆಯಲ್ಲ. ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ಕೂತು ಚರ್ಚಿಸಿ, ವಯಸ್ಕರಿಗೆ ಕನಿಷ್ಠ ಏಳು ಗಂಟೆ ಎಂದವು. ಏಳರಿಂದ ಒಂಬತ್ತರ ನಡುವೆ ಎಲ್ಲಾದರೂ ನಿಮ್ಮದು ಇರಬಹುದು. ಅರವತ್ತೈದು ದಾಟಿದವರಿಗೆ ಏಳೆಂಟು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು. ಹದಿಹರೆಯದವರಿಗೆ ಎಂಟರಿಂದ ಹತ್ತು. ಇದನ್ನು ಕೇಳಿ ಪಿಯುಸಿ ಮಕ್ಕಳ ತಾಯಂದಿರು ನಗುತ್ತಾರೆ. ನಾಲ್ಕು ತಿಂಗಳು ದಾಟಿದ, ವರ್ಷ ತುಂಬದ ಕೂಸಿಗೆ ಹಗಲಿನ ತೊಟ್ಟಿಲ ನಿದ್ದೆಯೂ ಸೇರಿ ಹನ್ನೆರಡರಿಂದ ಹದಿನಾರು.

ನಿಮ್ಮ ಅಳತೆ ತಿಳಿಯಬೇಕಾದರೆ ಒಂದು ವಾರದ ರಜೆ ಬರಲಿ. ಅಲಾರಂ ಬೇಡ. ಮೊದಲ ಎರಡು ಮೂರು ದಿನ ಹಳೆಯ ಬಾಕಿಯ ನಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕನೆಯ ದಿನದಿಂದ ತಾನಾಗಿ ಎಚ್ಚರವಾಗುವಾಗ ಎಷ್ಟು ಗಂಟೆಯ ನಿದ್ದೆ ಆಗಿದೆಯೋ, ಅದೇ ನಿಮ್ಮದು.

ಒಬ್ಬರು ನಿವೃತ್ತ ಮಾಸ್ತರರು ಹೆಂಡತಿಯ ಜತೆ ಬಂದಿದ್ದರು. "ನಿದ್ದೆಯೇ ಇಲ್ಲ ಮಾರಾಯ್ರೇ. ಮೂರಕ್ಕೆ ಎಚ್ಚರವಾದ್ರೆ ಮತ್ತೆ ಕಣ್ಣು ಕೂಡುದಿಲ್ಲ. ಒಂದು ಮಾತ್ರೆ ಬರೆದು ಕೊಡಿ."

"ಮಲಗುದು ಎಷ್ಟಕ್ಕೆ ಮಾಸ್ಟ್ರೇ?"

"ವಾರ್ತೆ ಮುಗಿದ ಕೂಡಲೇ. ಒಂಬತ್ತಕ್ಕೆ."

"ಮಧ್ಯಾಹ್ನ?"

ಅವರು ಮಾತಾಡಲಿಲ್ಲ. ಹೆಂಡತಿ ಹೇಳಿದರು: "ಊಟ ಆದ ಮೇಲೆ ಚಾವಡಿಯ ಈಸಿಚೇರಿನಲ್ಲಿ, ಪೇಪರು ಮುಖದ ಮೇಲೆ ಹಾಕಿಕೊಂಡು. ನಾಲ್ಕಕ್ಕೆ ನಾನು ಚಾ ತಂದು ಕರೆದ ಮೇಲೆಯೇ ಏಳುದು."

"ಅದು ನಿದ್ದೆ ಅಲ್ಲ," ಎಂದರು ಮಾಸ್ತರರು, "ಸುಮ್ಮನೆ ಕಣ್ಣು ಮುಚ್ಚಿಕೊಂಡಿರುದು."

ಒಂಬತ್ತರಿಂದ ಮೂರು, ಆರು ಗಂಟೆ. ಎರಡರಿಂದ ನಾಲ್ಕು, ಎರಡು ಗಂಟೆ. ಜೀವನವಿಡೀ ಮಕ್ಕಳಿಗೆ ಗಣಿತ ಹೇಳಿದವರಿಗೆ ನಾನು ಕೂಡಿಸಿ ತೋರಿಸಬೇಕಾಗಲಿಲ್ಲ. ಅವರಿಗೆ ನಿದ್ದೆ ಕಡಿಮೆಯಾಗಿರಲಿಲ್ಲ, ಹಗಲಿಗೆ ಜಾರಿತ್ತು ಅಷ್ಟೆ. ಇದರ ಒಳಮರ್ಮವನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ನಿದ್ದೆಯನ್ನು ತರುವ ಶಕ್ತಿಗಳು ಎರಡು. ಒಂದು, ಆಗಲೇ ಹೇಳಿದ ಒಳಗಿನ ಗಡಿಯಾರ. ಇನ್ನೊಂದು ಹಸಿವಿನ ಹಾಗೆ: ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ನಿದ್ದೆ ಮಾಡಿದಾಗ ಕರಗುತ್ತದೆ. ಮಧ್ಯಾಹ್ನ ಎರಡು ಗಂಟೆ ಗಡದ್ದಾಗಿ ಮಲಗಿದವರಿಗೆ ರಾತ್ರಿ ಆ ಹಸಿವು ಅರ್ಧವೇ ಇರುತ್ತದೆ. ಮಾಸ್ತರರಿಗೆ ಮಧ್ಯಾಹ್ನ ಅರ್ಧ ಗಂಟೆ ಮಾತ್ರ, ರಾತ್ರಿ ಹತ್ತೂವರೆಗೆ ಮೊದಲು ಹಾಸಿಗೆ ಬೇಡ, ಬೆಳಿಗ್ಗೆ ಐದೂವರೆಗೆ ಏಳಿ ಎಂದೆ. ಕೆಲವು ದಿನ ಗೊಣಗಿದರು. ಆಮೇಲೆ ಮಾತ್ರೆಯ ಮಾತು ಎತ್ತಲಿಲ್ಲ.

ಹಾಗೆಂದು ಮಧ್ಯಾಹ್ನದ ನಿದ್ದೆಗೆ ನಾನು ವಿರೋಧಿಯಲ್ಲ. ಕುಚ್ಚಲಕ್ಕಿ ಗಂಜಿ ಉಂಡ ಮೇಲೆ ಕಣ್ಣು ಎಳೆಯುವುದು ಗಂಜಿಯದ್ದೇ ತಪ್ಪಲ್ಲ. ಮಧ್ಯಾಹ್ನ ಒಳಗಿನ ಗಡಿಯಾರದಲ್ಲೇ ಒಂದು ಸಣ್ಣ ಇಳಿತ ಇದೆ. ಚೆನ್ನೈಯ ಕಡಿಮೆ ಆದಾಯದ ಕೆಲಸಗಾರರ ಮೇಲೆ ಅರ್ಥಶಾಸ್ತ್ರಜ್ಞರು ನಡೆಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬ ಮುಖ್ಯವೆನಿಸುತ್ತದೆ. ಆ ಜನ ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿ ಇರುತ್ತಿದ್ದರು, ನಿದ್ದೆ ಮಾತ್ರ ಐದೂವರೆ ಗಂಟೆ. ಸೆಕೆ, ಸೊಳ್ಳೆ, ಗದ್ದಲ. ಅವರ ರಾತ್ರಿಯ ನಿದ್ದೆಯನ್ನು ದಿನಕ್ಕೆ ಸುಮಾರು ಅರ್ಧ ಗಂಟೆ ಹೆಚ್ಚಿಸಿ ನೋಡಿದರು, ಕೆಲಸದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಮಧ್ಯಾಹ್ನ ಕೆಲಸದ ಜಾಗದಲ್ಲೇ ಸ್ವಲ್ಪ ಹೊತ್ತು ಮಲಗಲು ಬಿಟ್ಟರು, ಕೆಲಸವೂ ಚುರುಕಾಯಿತು, ಮನಸ್ಸೂ ಹಗುರವಾಯಿತು. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನಾವು ಸಲೀಸಾಗಿ ಹೇಳುತ್ತೇವೆ. ಸಂತೆಯಲ್ಲಿ ಮಲಗಿದವನಿಗೆ ಪದೇ ಪದೇ ಎಚ್ಚರವಾಗುತ್ತದೆ, ಅದು ಅವನ ನೆನಪಿನಲ್ಲಿ ಉಳಿಯುವುದಿಲ್ಲ ಅಷ್ಟೆ.

ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಮೀನು ಹಿಡಿಯಲು ಅಥವಾ ಕೊಳ್ಳಲು ನಸುಕಿಗೇ ಹೋಗುವವರಿಗೆ ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ, ದಿನದ ಎರಡನೇ ಕಂತು. ಅವರನ್ನು ಹೀಯಾಳಿಸಬೇಡಿ.

ಇನ್ನು ಜಾಗರಣೆ. ನಮ್ಮೂರಲ್ಲಿ ರಾತ್ರಿ ಎಂದರೆ ಮಲಗುವ ಹೊತ್ತು ಮಾತ್ರವಲ್ಲ. ದೈವಗಳ ನೇಮ ಇದೆ, ಕಂಬಳ ಇದೆ, ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ ಇದೆ. ಬೆಳಗಿನವರೆಗೆ ಆಟ ನೋಡಿದರೆ ಆರೋಗ್ಯ ಹಾಳು ಎಂದು ಹೇಳುವ ವೈದ್ಯರ ಸಾಲಿಗೆ ನಾನು ಸೇರುವುದಿಲ್ಲ. ಯಾವಾಗಲೋ ಒಂದು ರಾತ್ರಿ ನಿದ್ದೆಗೆಟ್ಟರೆ ಮೈ ಅದನ್ನು ತೀರಿಸಿಕೊಳ್ಳುತ್ತದೆ. 1964ರಲ್ಲಿ ರ‍್ಯಾಂಡಿ ಗಾರ್ಡನರ್ ಎಂಬ ಹದಿನೇಳರ ಹುಡುಗ ಸ್ಯಾನ್ ಡಿಯೆಗೋದಲ್ಲಿ 264 ಗಂಟೆ, ಅಂದರೆ ಹನ್ನೊಂದು ದಿನ ಎಚ್ಚರವಿದ್ದ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ. ಅದಾದ ಮೇಲೆ ಅವನು ಒಂದೇ ಸಮನೆ ಮಲಗಿದ್ದು ಹದಿನಾಲ್ಕು ಗಂಟೆಗೆ ತುಸು ಹೆಚ್ಚು. ಕಳೆದ ಗಂಟೆಗಳನ್ನೆಲ್ಲ ಮೈ ವಾಪಸು ಕೇಳುವುದಿಲ್ಲ. ಗಾಢ ನಿದ್ದೆಯ ಪಾಲನ್ನು ಹೆಚ್ಚು ಮಾಡಿಕೊಂಡು ಸುಧಾರಿಸುತ್ತದೆ.

ಮೈ ಸುಧಾರಿಸಿಕೊಳ್ಳಲಾಗದ್ದು ದಿನಾ ಸ್ವಲ್ಪ ಸ್ವಲ್ಪ ಕದಿಯುವ ನಿದ್ದೆಯನ್ನು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವಾರ ಕಳೆಯುವಾಗ ಅವರ ಗಮನಶಕ್ತಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಹೆದರಿಕೆ ಹುಟ್ಟಿಸುವ ಸಂಗತಿ ಇನ್ನೊಂದು: ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಸ್ವಲ್ಪ ತೂಕಡಿಕೆ ಉಂಟು, ಮತ್ತೇನೂ ಇಲ್ಲ ಎನ್ನುತ್ತಿದ್ದರು. "ನನಗೆ ಐದು ಗಂಟೆ ಸಾಕು ಡಾಕ್ಟ್ರೇ, ಅಭ್ಯಾಸ ಆಗಿದೆ" ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಅವರೇ.

ಕಾಲಮಿತಿ ಯಕ್ಷಗಾನ ಬಂದ ಮೇಲೆ ಒಂದು ತಮಾಷೆ ನೋಡುತ್ತಿದ್ದೇನೆ. ಮೊದಲು ಬೆಳಗಿನ ಮಂಗಳ ಆಗುವವರೆಗೆ ಕೂತವರು ಮರುದಿನ ರಜೆ ಹಾಕಿ ಮಧ್ಯಾಹ್ನದವರೆಗೆ ಮಲಗುತ್ತಿದ್ದರು. ಈಗ ಹನ್ನೆರಡೂವರೆಗೆ ಮನೆಗೆ ಬಂದು, ಒಂದೂವರೆವರೆಗೆ ಮೊಬೈಲಿನಲ್ಲಿ ಅದೇ ಆಟದ ತುಣುಕು ನೋಡಿ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾರೆ. ಕಲೆಗೆ ಯಾವುದು ಒಳ್ಳೆಯದೋ ಬಲ್ಲವರು ಹೇಳಲಿ. ನಿದ್ದೆಯ ಮಟ್ಟಿಗೆ ಇಡೀ ರಾತ್ರಿಯ ಆಟವೇ ಪ್ರಾಮಾಣಿಕ.

ಗಲ್ಫ್‌ನಲ್ಲಿ ಮಗನೋ ಗಂಡನೋ ಇರುವ ಮನೆಗಳಲ್ಲಿ ನಿದ್ದೆಯ ಕಳ್ಳತನದ ರೀತಿ ಬೇರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ, ಉಂಡು, ಹತ್ತಕ್ಕೆ ವಿಡಿಯೋ ಕಾಲ್ ಮಾಡಿದರೆ ಇಲ್ಲಿ ಹನ್ನೊಂದೂವರೆ. ಬೆಳಿಗ್ಗೆ ಶಾಲೆಯಿರುವ ಮಗುವೂ ಅಪ್ಪನ ಮುಖ ನೋಡಲು ಕಾದಿರುತ್ತದೆ. ಬೇಡ ಎನ್ನುವುದು ಹೇಗೆ? ವಾರದಲ್ಲಿ ಮೂರು ದಿನ ಅವರ ಊಟಕ್ಕೆ ಮೊದಲು, ಇಲ್ಲಿಯ ಎಂಟೂವರೆಗೆ ಮಾತಾಡುವ ಏರ್ಪಾಡು ಮಾಡಿಕೊಂಡ ಮನೆಗಳನ್ನು ಬಲ್ಲೆ.

ಸರಿ, ಮಾಡುವುದೇನು? ಎಲ್ಲಕ್ಕಿಂತ ಮೊದಲು ಏಳುವ ಹೊತ್ತನ್ನು ಗಟ್ಟಿ ಮಾಡಿ. ಮಲಗುವ ಹೊತ್ತನ್ನಲ್ಲ. ಹತ್ತಕ್ಕೆ ಹಾಸಿಗೆಯಲ್ಲಿ ಬೀಳಬಹುದು, ಆದರೆ ಹತ್ತಕ್ಕೆ ನಿದ್ದೆ ಬಾ ಎಂದರೆ ಅದು ಬರುವುದಿಲ್ಲ. ಏಳುವುದು ಮಾತ್ರ ನಮ್ಮ ಕೈಯಲ್ಲಿರುವುದು. ಆರೆಂದರೆ ಆರು, ಭಾನುವಾರ ಬೇಕಾದರೆ ಏಳು. ಎದ್ದ ಮೇಲೆ ಅಂಗಳಕ್ಕೆ ಬನ್ನಿ. ಆಟಿ ತಿಂಗಳ ಕಪ್ಪು ಮೋಡದ ಅಡಿಯಲ್ಲೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಹೆಚ್ಚು. ಜಗಲಿಯಲ್ಲಿ ಕೂತು ಪೇಪರು ಓದಿದರೂ ಸಾಕು.

ಮಕ್ಕಳ ವಿಷಯಕ್ಕೆ ಬಂದರೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಇದೆ. ಎಂಟೂವರೆಗೆ ದೀಪ ಆರುತ್ತಿದ್ದ ಕಾಲಕ್ಕೆ ಅದು ಸರಿ. ಹನ್ನೊಂದಕ್ಕೆ ಮಲಗಿದ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವಳ ನಿದ್ದೆಯ ಕೊನೆಯ ಭಾಗ ಹೋಗುತ್ತದೆ. ಕನಸಿನ ನಿದ್ದೆ ಹೆಚ್ಚಾಗಿ ಇರುವುದು ಆ ಭಾಗದಲ್ಲೇ, ಓದಿದ್ದು ನೆನಪಿನಲ್ಲಿ ಊರುವ ಕೆಲಸಕ್ಕೆ ಅದೂ ಬೇಕು. ಅಲ್ಲದೆ ಹದಿಹರೆಯದಲ್ಲಿ ಒಳಗಿನ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ನಡೆಯುತ್ತದೆ. ಹತ್ತಕ್ಕೆ ನಿದ್ದೆ ಬಾರದ್ದು ಅವಳ ಹಟವಲ್ಲ.

ಸಂಜೆ ಐದರ ಕಾಫಿಯಲ್ಲಿರುವ ಕೆಫೀನಿನ ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿ ಉಳಿದಿರುತ್ತದೆ. ಮದ್ಯ ಕುಡಿದರೆ ನಿದ್ದೆ ಬರುತ್ತದೆ ಎನ್ನುವವರಿಗೆ: ಬರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಒಡೆಯುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಗೆ ಒಂದು ಉಪಾಯ ಹಳಬರ ಬಚ್ಚಲುಮನೆಯಲ್ಲೇ ಇದೆ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಮಲಗುವ ಒಂದೆರಡು ಗಂಟೆ ಮೊದಲು ಹಂಡೆಯ ಬಿಸಿನೀರು ಮಿಂದರೆ ರಕ್ತ ಚರ್ಮದ ಕಡೆಗೆ ಹರಿದು, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ತಣ್ಣೀರಿಗಿಂತ ಇದು ಕೆಲಸ ಮಾಡುತ್ತದೆ.

ಮಲಗಿ ಇಪ್ಪತ್ತು ನಿಮಿಷವಾದರೂ ಮಗ್ಗುಲು ಬದಲಿಸುತ್ತಲೇ ಇದ್ದರೆ ಎದ್ದು ಹೊರಗೆ ಬನ್ನಿ. ಮಂದ ದೀಪದಲ್ಲಿ ಅವರೆ ಸುಲಿಯಿರಿ, ಬಟ್ಟೆ ಮಡಚಿರಿ. ಕಣ್ಣು ಭಾರವಾದ ಮೇಲೆ ಹಾಸಿಗೆಗೆ ಹೋಗಿ. ಹಾಸಿಗೆ ಕಂಡರೆ ಚಿಂತೆ ಶುರುವಾಗುವ ರೂಢಿ ಹೀಗೆಯೇ ತಪ್ಪುವುದು. ತಿಂಗಳುಗಟ್ಟಲೆ ನಿದ್ದೆ ಬಾರದವರಿಗೆ ಈ ಬಗೆಯ ಅಭ್ಯಾಸ ತಿದ್ದುವ ಚಿಕಿತ್ಸೆಯೇ ಮೊದಲು, ಮಾತ್ರೆ ಆಮೇಲೆ. ಪಕ್ಕದ ಮನೆಯವರ ಮಾತ್ರೆಯನ್ನಂತೂ ಮುಟ್ಟಬೇಡಿ.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಮತ್ತೆ ಗಕ್ಕನೆ ಎಳೆದುಕೊಳ್ಳುವವರ ಕತೆ ಬೇರೆ. ಅವರಿಗೆ ಗಂಟೆಗಳ ಲೆಕ್ಕ ಉಪಯೋಗವಿಲ್ಲ. ಒಂಬತ್ತು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾರೆ, ಬಿ.ಪಿ. ಏರುತ್ತದೆ. ಪಕ್ಕದಲ್ಲಿ ಮಲಗುವವರು ಫೋನಿನಲ್ಲಿ ಎರಡು ನಿಮಿಷ ಆ ಸದ್ದನ್ನು ಹಿಡಿದು ವೈದ್ಯರಿಗೆ ಕೇಳಿಸಿ.

ಕೊನೆಗೆ, ರಾತ್ರಿ ಸ್ವಂತ ಕಾರಿನಲ್ಲಿ ಬೆಂಗಳೂರಿಗೆ ಹೊರಡುವವರಿಗೆ. ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಕಣ್ಣಿನ ಚುರುಕು ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ಎಂದು 2000ದಲ್ಲಿ ಇಬ್ಬರು ಸಂಶೋಧಕರು ತೋರಿಸಿದ್ದಾರೆ. ನಮ್ಮ ಕಾನೂನಿನ ಮಿತಿ 30. ಬೆಳಿಗ್ಗೆ ಆರಕ್ಕೆ ಎದ್ದು, ದಿನದ ಕೆಲಸ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಬಿ.ಸಿ. ರೋಡ್ ದಾಟುವಾಗಲೇ ಹದಿನೇಳು ಗಂಟೆ ತುಂಬಿತು. ಶಿರಾಡಿ ಘಾಟಿ ಇನ್ನೂ ಮುಂದೆ ಇದೆ. ಎ.ಸಿ. ಜಾಸ್ತಿ ಮಾಡುವುದು, ಹಾಡು ಹಾಕುವುದು, ಮುಖಕ್ಕೆ ನೀರು ಹಾಕುವುದು ಹೆಚ್ಚು ಹೊತ್ತು ನಡೆಯುವುದಿಲ್ಲ. ಘಾಟಿಯ ಬುಡದ ಗುಂಡ್ಯದಲ್ಲಿ ಗಾಡಿ ಬದಿಗೆ ಹಾಕಿ, ಒಂದು ಕಾಫಿ ಕುಡಿದು, ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ ಇಪ್ಪತ್ತು ನಿಮಿಷ ಮಲಗಿ. ಕಾಫಿ ತಲೆಗೇರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ಸಹಾಯಕ್ಕೆ ಬರುತ್ತವೆ. ಆಮೇಲೂ ಕಣ್ಣು ಎಳೆದರೆ ಜತೆಯಲ್ಲಿರುವವರಿಗೆ ಕೀ ಕೊಡಿ, ಯಾರೂ ಇಲ್ಲವಾದರೆ ಬೆಳಕು ಹರಿದ ಮೇಲೆ ಘಾಟಿ ಹತ್ತಿ.

ನಮಸ್ಕಾರ.