ಸೊಂಟ ತಿರುಗಿಸಬೇಡಿ, ಎದೆ ತಿರುಗಿಸಿ

ನಮಸ್ಕಾರ. ಗಾಲ್ಫ್ ಆಡೋರು ಮೈ ಸಡಿಲ ಮಾಡ್ಕೊಳ್ಳೋದು ಹೇಗೆ, ರೇಡಿಯೋದಲ್ಲಿ ಹತ್ತು ನಿಮಿಷ ಮಾತಾಡಿ ಅಂತ ಕರೆದಿದಾರೆ. ಕೋಲಾರದಲ್ಲಿ ಕೂತ್ಕೊಂಡು ಗಾಲ್ಫಾ ಅಂತ ನಗಬೇಡಿ. ಕೆಜಿಎಫ್‌ಗೆ ಚಿನ್ನ ಅಗೆಯೋಕೆ ಬಂದ ಇಂಗ್ಲಿಷರು ಗಣಿ ಜೊತೇಲೇ ಗಾಲ್ಫ್ ಮೈದಾನಾನೂ ಮಾಡ್ಕೊಂಡಿದ್ರು. 2001ರಲ್ಲಿ ಗಣಿ ಮುಚ್ಚೋಯ್ತು, ಗಾಲ್ಫ್ ಹುಚ್ಚು ಮಾತ್ರ ಈ ಸೀಮೇಲಿ ಇನ್ನೂ ಹಾಗೇ ಇದೆ. ನಾನು ಫಿಸಿಯೋಥೆರಪಿಸ್ಟು, ನನ್ನತ್ರ ಬರೋ ಗಾಲ್ಫ್ ಆಡೋರೆಲ್ಲ ಹೇಳೋದು ಒಂದೇ ಮಾತು, ಮೇಡಂ ಸೊಂಟ ಹಿಡ್ಕೊಂಡ್‌ಬಿಟ್ಟಿದೆ ಅಂತ. ಹಿಡ್ಕೊಳ್ದೆ ಇನ್ನೇನಾಗುತ್ತೆ? ತಿರುಗಬಾರದ ಜಾಗಾನ ತಿರುಗಿಸ್ತಾ ಇದೀರಿ.

ಇವತ್ತು ನಾನು ಹೇಳೋದು ಇದೊಂದೇ: ಸೊಂಟ ತಿರುಗಿಸಬೇಡಿ, ಎದೆ ತಿರುಗಿಸಿ.

ಲೆಕ್ಕ ಕೇಳಿ. ಬಾಲ್ ಹೊಡೆಯೋಕೆ ಕೋಲು ಹಿಂದಕ್ಕೆ ಎತ್ತಿದಾಗ ಒಳ್ಳೆ ಆಟಗಾರರ ಭುಜ ಸುಮಾರು 90 ಡಿಗ್ರಿ ತಿರುಗಿರುತ್ತೆ. ಸೊಂಟದ ಹತ್ರ ಇರೋ ಬೆನ್ನುಮೂಳೆ 5, ಆ ಐದೂ ಸೇರಿದ್ರೂ ಒಂದು ಕಡೆಗೆ ತಿರುಗೋದು ಒಂದು 10 ಡಿಗ್ರಿ, ಅಷ್ಟೇ. ಬಗ್ಗೋಕೆ ಏಳೋಕೆ ಭಾರ ಹೊರೋಕೆ ಅವು ಇರೋದು, ತಿರುಗೋಕಲ್ಲ. ಅದರ ಮೇಲೆ ಪಕ್ಕೆಲುಬು ಅಂಟ್ಕೊಂಡಿರೋ 12 ಮೂಳೆ ಇದಾವಲ್ಲ, ಅವು 35ರ ತನಕ ತಿರುಗ್ತಾವೆ. ಮಿಕ್ಕಿದ್ದು 45, ಅದು ಹಿಪ್‌ನಿಂದ ಬರಬೇಕು, ಅಂದ್ರೆ ತೊಡೆಮೂಳೆ ಮೇಲೆ ಹೋಗಿ ಬಟ್ಟಲಲ್ಲಿ ಕೂರೋ ಜಾಗ. ಈಗ ನೀವು ಇಪ್ಪತ್ತು ಮೂವತ್ತು ವರ್ಷ ಚೇರಲ್ಲಿ ಕೂತು ಹಿಪ್ಪೂ ಗಟ್ಟಿ, ಎದೆಗೂಡೂ ಗಟ್ಟಿ, ಆದ್ರೂ 90 ಬೇಕು ಅಂದ್ರೆ ಬಾಕಿ ಯಾರು ತೀರಿಸ್ಬೇಕು? ಪಾಪ ಸೊಂಟ.

ನನ್ನತ್ರ ಒಬ್ರು ಬರ್ತಿದ್ರು, ಬ್ಯಾಂಕಲ್ಲಿ ರಿಟೈರ್ ಆದೋರು, ಅರವತ್ಮೂರು ವಯಸ್ಸು. ಮಗ ಹೊಸ ಡ್ರೈವರ್ ಕೊಡಿಸಿದ್ದ. ಕಾರ್ ಡ್ರೈವರ್ ಅಲ್ಲ, ಗಾಲ್ಫಲ್ಲಿ ದೂರ ಹೊಡೆಯೋ ಕೋಲು. ಅವರು ಮೊಬೈಲಲ್ಲಿ ನೋಡ್ಕೊಂಡು ಕಲ್ತಿದ್ದು ಏನಪ್ಪಾ ಅಂದ್ರೆ ಸೊಂಟದ ಕೆಳಗೆ ಕಲ್ಲಿನ ಥರ ನಿಲ್ಲಬೇಕು, ಮೇಲೆ ಮಾತ್ರ ಸ್ಪ್ರಿಂಗ್ ಥರ ಸುತ್ತಬೇಕು ಅಂತ. ಇಪ್ಪತ್ತೈದರ ಹುಡುಗರು ಮಾಡೋದನ್ನ ಇವರು ಮಾಡೋಕೆ ಹೋದ್ರು. ಮೂರು ವಾರಕ್ಕೆ ಚಪ್ಪಲಿ ಹಾಕ್ಕೊಳ್ಳೋಕೂ ಹೆಂಡತಿ ಬೇಕಾಯ್ತು. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ, ಪುಸ್ತಕ ತೋರಿಸಿದೆ, ಅಸ್ಥಿಪಂಜರದ ಮಾಡೆಲ್ ತೋರಿಸಿದೆ, ಊಹೂಂ. ಕೊನೆಗೆ ಒಂದಿನ ಬೆಳಿಗ್ಗೆ ಬನ್ನಿ ಸಾರ್ ಅಂತ ಸೀದಾ ನಮ್ಮ ಎಪಿಎಂಸಿ ಟೊಮೊಟೊ ಮಂಡಿಗೆ ಕರ್ಕೊಂಡು ಹೋದೆ.

ಅಲ್ಲಿ ಲಾರಿಗೆ ಲೋಡ್ ಮಾಡ್ತಾ ಇದ್ರು. 15 ಕೆಜಿ ಬಾಕ್ಸು, ಒಂದಾದ ಮೇಲೆ ಒಂದು. ಒಬ್ಬ ಹಮಾಲಿ, ಐವತ್ತು ದಾಟಿರಬೇಕು, ಹೊಟ್ಟೆ ಒಣಗಿ ಬೆನ್ನಿಗೆ ಹತ್ತಿದೆ, ಬಲಗಡೆಯಿಂದ ತಗೊಂಡು ಎಡಗಡೆಗೆ ಕೊಡ್ತಿದಾನೆ. ನಾನಂದೆ, ಸಾರ್ ಬಾಕ್ಸ್ ನೋಡಬೇಡಿ, ಅವನ ಹಿಮ್ಮಡಿ ನೋಡಿ. ಬಲಕ್ಕೆ ತಿರುಗಿದಾಗ ಎಡಗಾಲಿನ ಹಿಮ್ಮಡಿ ಮಣ್ಣಿಂದ ಏಳುತ್ತೆ, ಮಂಡಿ ಒಳಕ್ಕೆ ಬರುತ್ತೆ, ಹಿಪ್ ತಿರುಗುತ್ತೆ, ಎದೆ ಬಾಕ್ಸಿನ ನೇರಕ್ಕೆ ಬರುತ್ತೆ. ಅವನ ಅಂಗಿ ಗುಂಡಿಗಳ ಸಾಲು ಪ್ಯಾಂಟಿನ ಬಕಲ್ ಹತ್ರ ಎಲ್ಲೂ ಮುರಿಯೋದೇ ಇಲ್ಲ. ಸೊಂಟ ಸುಮ್ನೆ ಜೊತೇಲಿ ಹೋಗಿ ಬರುತ್ತೆ, ಅಷ್ಟೇ. ನಮ್ಮ ಸಾರು ಅರ್ಧ ಗಂಟೆ ಅಲ್ಲೇ ನಿಂತು ನೋಡಿದ್ರು, ಆಮೇಲೆ ಟೀ ಅಂಗಡಿ ಮುಂದೆ ಛತ್ರಿ ಹಿಡ್ಕೊಂಡು ಸ್ವಿಂಗ್ ಮಾಡೋಕೆ ಶುರು ಮಾಡಿದ್ರು. ಆ ಹಮಾಲಿ ಬಂದು ಏನಕ್ಕಾ ಇವರು ಮಾಡ್ತಿರೋದು ಅಂದ. ಗಾಲ್ಫು ಅಂದೆ, ಬಾಲ್ ಹೊಡೆಯೋದು, ಅದಕ್ಕೆ ತಿಂಗಳಿಗೆ ಇಷ್ಟು ದುಡ್ಡು ಕಟ್ತಾರೆ ಅಂದೆ. ತಿರುಗೋಕೆ ಇವರೇ ದುಡ್ಡು ಕೊಡ್ತಾರಾ ಅಂತ ನಕ್ಕು ಬಾಕ್ಸ್ ಎತ್ಕೊಂಡು ಹೋದ.

ಇದು ಹಳ್ಳಿ ಬುದ್ಧಿ ಅನ್ಕೋಬೇಡಿ ಮತ್ತೆ. ಜ್ಯಾಕ್ ನಿಕ್ಲಾಸ್ ಹೆಸರು ಕೇಳಿರ್ತೀರಿ, 18 ಮೇಜರ್, ಅಂದ್ರೆ ಗಾಲ್ಫಿನ ದೊಡ್ಡ ಟೂರ್ನಿಗಳನ್ನ ಗೆದ್ದ ಆಟಗಾರ, ಅದರಲ್ಲೊಂದು ಮಾಸ್ಟರ್ಸ್, ಅದನ್ನ 1986ರಲ್ಲಿ 46ನೇ ವಯಸ್ಸಲ್ಲಿ ಗೆದ್ದ. ಆತನೂ ಎಡ ಹಿಮ್ಮಡಿ ಎತ್ತೇ ಹೊಡೀತಿದ್ದಿದ್ದು. ನಮ್ಮ ಟೊಮೊಟೊ ಮಂಡಿ ಹಮಾಲಿ ಮಾಡೋದೂ ಅದನ್ನೇ.

ಅಯ್ಯೋ, ಟೈಮ್ ಇಲ್ಲೇ ಹೋಯ್ತು. ಬೇಗ ಹೇಳ್ತೀನಿ. ಬಸ್ಕಿ, ಸಿಟಪ್ಪು, ಹೊಟ್ಟೆ ಕರಗಿಸೋದು ಇದ್ಯಾವುದೂ ಈ ಕೆಲಸಕ್ಕೆ ಬರಲ್ಲ, ಬಿಟ್ಬಿಡಿ. ಚಾಪೆ ಮೇಲೆ ಒಂದು ಪಕ್ಕಕ್ಕೆ ಮಲಗಿ, ಎರಡೂ ಮಂಡಿ ಮಡಚಿ ಒಂದರ ಮೇಲೊಂದು, ಕೈ ಎರಡೂ ಮುಂದಕ್ಕೆ ಚಾಚಿ. ಈಗ ಮೇಲಿನ ಕೈನ ಪುಸ್ತಕ ತೆಗೆದಂಗೆ ಹಿಂದಕ್ಕೆ ತೆಗೀರಿ, ಕಣ್ಣು ಕೈ ಹಿಂದೇನೇ ಹೋಗ್ಲಿ, ಮಂಡಿ ಕದಲಬಾರದು. ಮಂಡಿ ಯಾಕೆ ಕದಲಬಾರದು? ಕದಲಿದ್ರೆ ಎದೆ ತಿರುಗಲಿಲ್ಲ ಅಂತ ಅರ್ಥ. ಹತ್ತು ಸಲ, ಆಮೇಲೆ ಆ ಪಕ್ಕ. ಹಿಪ್‌ಗೆ ಅಂದ್ರೆ ನೆಲದ ಮೇಲೆ ಮಂಡಿ ಮಡಚಿ ಕೂತು ಪಾದ ಅಗಲಿಸಿ, ಕೈ ಹಿಂದೆ ಊರಿ, ಎರಡೂ ಮಂಡಿನ ಒಂದ್ಸಲ ಬಲಕ್ಕೆ ಒಂದ್ಸಲ ಎಡಕ್ಕೆ ಬೀಳಿಸಿ, ನಿಧಾನ. ಇನ್ನು ಎಷ್ಟು ಸುಧಾರಿಸಿದೆ ಅಂತ ನೋಡೋಕೆ ಚೇರಲ್ಲಿ ಕೂತು ಮಂಡಿ ಮಧ್ಯ ದಿಂಬು ಹಿಡ್ಕೊಳ್ಳಿ, ಎದೆಗೆ ಅಡ್ಡ ಪೊರಕೆ ಕೋಲು ಹಿಡ್ಕೊಂಡು ತಿರುಗಿ, 45 ಡಿಗ್ರಿ ಬಂದ್ರೆ ಚೆನ್ನಾಗಿದೆ. ಬರ್ತಿಲ್ವಾ, ದಮ್ ಕಟ್ಟಿ ಎಳೀಬೇಡಿ, ಉಸಿರು ಬಿಡ್ತಾ ತಿರುಗಿ, ಸೊಂಟದಿಂದ ಅಲ್ಲ, ಎದೆಯಿಂದ...

ಹಾಂ ಹಾಂ, ಗಾಜಿನಾಚೆ ಕೈ ತೋರಿಸ್ತಿದಾರೆ. ಆ ಸಾರು ಈಗ್ಲೂ ಆಡ್ತಿದಾರೆ, ಚಪ್ಪಲಿ ಅವರೇ ಹಾಕ್ಕೋತಾರೆ. ಬರ್ತೀನಿ, ನಮಸ್ಕಾರ.